ಕೊಚ್ಚಿಗೆ ಹೋದ ಒರಳುಕಲ್ಲುಗಳು

ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಮೊದಲ ಬಾರಿಗೆ 2012ರ ಡಿಸೆಂಬರ್ 12ರಂದು ಆರಂಭವಾಗಿ 2013ರ ಮಾರ್ಚ್‌ನಲ್ಲಿ ಮುಗಿಯಿತು. ಆ ಪ್ರದರ್ಶನಕ್ಕೆ ಬೆಂಗಳೂರಿನಿಂದ ಹೋದ ಕೃತಿಗಳಲ್ಲಿ ‘ಸ್ಟಾಪೋವರ್’ ಒಂದು. ಕಲಾವಿದೆ ಶೀಲಾ ಗೌಡ ಮತ್ತು ಅವರ ಪತಿ, ಸ್ವಿಟ್ಜರ್ಲೆಂಡ್ ಮೂಲದ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಇಬ್ಬರೂ ಸೇರಿ ಅದನ್ನು ಮಾಡಿದ್ದರು. ಅದಕ್ಕೆ ಬಳಸಿದ್ದು ಬೆಂಗಳೂರಿನ ಬೀದಿಗಳಲ್ಲಿ ಜನ ಬಿಟ್ಟುಹೋಗಿದ್ದ ಸುಮಾರು 170 ಒರಳುಕಲ್ಲುಗಳನ್ನು. ಅವುಗಳನ್ನು ಆಯ್ದು ತಂದು, ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಎಂಬ ಹಳೆಯ ವ್ಯಾಪಾರಿ ಮಳಿಗೆಗಳ ಆವರಣದಲ್ಲಿ, ಯಾವ ಪೀಠವೂ ಇಲ್ಲದೆ ನೆಲದ ಮೇಲೆಯೇ ಇಟ್ಟಿದ್ದರು. ಆ ವರ್ಷ ನಾನು ಅದನ್ನು ನೋಡಿದೆ. ಆಮೇಲೆ ದೊಡ್ಡ ದೊಡ್ಡ ಹೆಸರಿನ ಎಷ್ಟೋ ಕೃತಿಗಳನ್ನು ನೋಡಿದ್ದೇನೆ; ಆದರೆ ನನ್ನ ಮನೆಯ ಅಡುಗೆಮನೆಯನ್ನೂ ನಾನು ದಿನವೂ ಓಡಾಡುವ ಬೀದಿಯನ್ನೂ ಹೀಗೆ ಒಟ್ಟಿಗೆ ಎದುರಿಗೆ ತಂದು ನಿಲ್ಲಿಸಿದ ಕೃತಿ ಮತ್ತೊಂದಿಲ್ಲ.

ಒರಳುಕಲ್ಲನ್ನು ನೋಡಬೇಕಾದರೆ ಬಗ್ಗಲೇಬೇಕು. ಕೂತು ಕೆಲಸ ಮಾಡುವವರಿಗಾಗಿ ಮಾಡಿದ ವಸ್ತು ಅದು. ನಿಂತುಕೊಂಡೇ ನೋಡಿದರೆ ಚೌಕಾಕಾರದ ಒಂದು ಕಲ್ಲು, ಅದರ ನಡುವೆ ದುಂಡನೆಯ ಕತ್ತಲೆ, ಅಷ್ಟೇ ಕಾಣುತ್ತದೆ. ಬಗ್ಗಿದಾಗ, ಇಲ್ಲವೇ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಾಗ, ಕುಳಿಯ ಒಳಮೈ ಕಾಣತೊಡಗುತ್ತದೆ. ಹೊರಮೈಯಲ್ಲಿ ಉಳಿಯ ಏಟುಗಳು ಕಲ್ಲನ್ನು ಕಡೆದ ದಿನ ಇದ್ದಂತೆಯೇ ಒರಟಾಗಿ ಉಳಿದಿರುತ್ತವೆ. ಒಳಗೆ ಬೆರಳಾಡಿಸಿದರೆ ಅದೇ ಕಲ್ಲು ನುಣುಪು. ಕೆಲವು ಕುಳಿಗಳು ಆಳವಾಗಿಲ್ಲ, ಕೆಲವು ಮೊಣಕೈ ಮುಳುಗುವಷ್ಟು ಆಳ. ಕೆಲವಕ್ಕೆ ಅಂಚು ಒಂದು ಪಕ್ಕದಲ್ಲಿ ಮಾತ್ರ ಸವೆದು ತುಸು ಜಾರಿದಂತಿರುತ್ತದೆ. ಕೂತವಳು ಯಾವ ಕಡೆ ಕೂರುತ್ತಿದ್ದಳು, ರುಬ್ಬಿದ ಹಿಟ್ಟನ್ನು ಯಾವ ಕಡೆಯಿಂದ ಬಳಿದು ತೆಗೆಯುತ್ತಿದ್ದಳು ಎಂಬುದನ್ನು ಆ ಅಂಚಿನಿಂದ ಊಹಿಸಬಹುದು. ನಾನು ಬಹಳ ಹೊತ್ತು ಮಾಡಿದ್ದು ಇದೇ ಕೆಲಸ: ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋಗುವುದು, ಬಗ್ಗುವುದು, ಕುಳಿಯನ್ನು ನೋಡುವುದು.

ಕುಳಿಯ ಆಳಕ್ಕೆ ಒಂದು ಕಾರಣವಿದೆ, ಅದನ್ನು ಇಲ್ಲಿ ಹೇಳಬೇಕು. ರುಬ್ಬಿ ರುಬ್ಬಿ ಒರಳಿನ ಒಳಮೈ ನುಣುಪಾದಷ್ಟೂ ಅದು ಕೆಲಸಕ್ಕೆ ಬಾರದಂತಾಗುತ್ತದೆ. ಅಕ್ಕಿ, ಬೇಳೆ ಜಾರುತ್ತವೆಯೇ ಹೊರತು ನುರಿಯುವುದಿಲ್ಲ. ಆಗ ಕಲ್ಲುಕುಟಿಗರು ಬೇಕು. ನಾನು ಚಿಕ್ಕವಳಿದ್ದಾಗ ಚೀಲದಲ್ಲಿ ಉಳಿ, ಸುತ್ತಿಗೆ ಹಾಕಿಕೊಂಡು ಅವರು ಬೀದಿಯಲ್ಲಿ ಕೂಗುತ್ತಾ ಬರುತ್ತಿದ್ದರು. ಒರಳು, ಗುಂಡು, ರಾಗಿಕಲ್ಲು ಮೂರಕ್ಕೂ ಉಳಿಯಿಂದ ಒತ್ತೊತ್ತಾಗಿ ಚುಚ್ಚು ಹಾಕಿ, ಮತ್ತೆ ಒರಟು ಮಾಡಿಕೊಟ್ಟು ಹೋಗುತ್ತಿದ್ದರು. ಹಾಗೆ ಕುಟ್ಟಿಸಿದ ಮೇಲೆ ಮೊದಲ ಒಂದೆರಡು ಸಲ ರುಬ್ಬಿದ್ದನ್ನು ಕಲ್ಲುಪುಡಿ ಇರುತ್ತದೆಂದು ಚೆಲ್ಲುತ್ತಿದ್ದರು. ಪ್ರತಿ ಸಲ ಕುಟ್ಟಿಸಿದಾಗಲೂ ಕುಳಿ ತುಸು ಇಳಿಯುತ್ತದೆ, ಮತ್ತೆ ರುಬ್ಬುವಾಗ ಇನ್ನಷ್ಟು ಸವೆಯುತ್ತದೆ. ಹಾಗಾಗಿ ಆಳವಾದ ಕುಳಿಯ ಒರಳು ಎಂದರೆ ದೊಡ್ಡ ಸಂಸಾರದ್ದೋ, ಇಲ್ಲವೇ ಅತ್ತೆಯಿಂದ ಸೊಸೆಗೆ, ಆ ಸೊಸೆಯಿಂದ ಅವಳ ಸೊಸೆಗೆ ಬಂದದ್ದೋ ಆಗಿರಬೇಕು. ಕಲ್ಲು ಕಳೆದುಕೊಂಡದ್ದೆಷ್ಟು ಎನ್ನುವುದೇ ಅಲ್ಲಿ ನಡೆದ ಕೆಲಸದ ಅಳತೆ. ಈ ಲೆಕ್ಕವನ್ನು ಯಾವ ಮನೆಯವರೂ ಬರೆದಿಟ್ಟವರಲ್ಲ. ಆಸ್ಪಿನ್‌ವಾಲ್ ಹೌಸಿನ ನೆಲದ ಮೇಲೆ ಅದು ಸುಮಾರು 170 ಬಗೆಯಲ್ಲಿ ತೆರೆದುಕೊಂಡಿತ್ತು.

ಈ ಕಲ್ಲುಗಳು ಬೀದಿಗೆ ಬಂದದ್ದು ಹೇಗೆಂಬುದು ಬೆಂಗಳೂರಿನವರಿಗೆ ಗೊತ್ತಿರುವ ಸಂಗತಿ. ಹಳೆಯ ಹೆಂಚಿನ ಮನೆ, ವಠಾರದ ಸಾಲುಮನೆ, ಮೂವತ್ತು-ನಲವತ್ತರ ನಿವೇಶನದ ಒಂಟಿ ಮನೆ ಒಂದೊಂದಾಗಿ ಕೆಡವಿಸಿಕೊಂಡು ಮೂರು, ನಾಲ್ಕು ಅಂತಸ್ತಾಗುತ್ತಾ ಬಂದವು. ಬಾಗಿಲು, ಕಿಟಕಿ, ತೊಲೆ, ಹೆಂಚು ಎಲ್ಲಕ್ಕೂ ಕೊಳ್ಳುವವರಿದ್ದರು. ಒರಳಿಗೆ ಯಾರೂ ಇರಲಿಲ್ಲ. ಮೇಲಿನ ಅಂತಸ್ತಿನ ಹೊಸ ಅಡುಗೆಮನೆಯಲ್ಲಿ ಅದಕ್ಕೆ ಜಾಗವಿಲ್ಲ, ಜಾಗವಿದ್ದರೂ ಅದರ ಕೆಲಸವನ್ನು ಮಿಕ್ಸಿಯೂ ಗ್ರೈಂಡರೂ ಆಗಲೇ ವಹಿಸಿಕೊಂಡಿದ್ದವು. ಹಾಗೆಂದು ಅದನ್ನು ಒಡೆಯಲು ಮನೆಯವರು ಒಪ್ಪುತ್ತಿರಲಿಲ್ಲ. ಇಬ್ಬರು ಮೂವರು ಸೇರಿ ಅದನ್ನು ಉರುಳಿಸಿಕೊಂಡು ಹೋಗಿ ಗೇಟಿನ ಹೊರಗೋ, ಕಾಂಪೌಂಡಿನ ಮೂಲೆಗೋ, ಬೀದಿಯ ಕೊನೆಯ ಅರಳಿಮರದ ಬುಡಕ್ಕೋ ತಲುಪಿಸಿ ಬಿಡುತ್ತಿದ್ದರು. ಅಲ್ಲಿಂದಾಚೆಗೆ ಅದು ಯಾರದೂ ಅಲ್ಲ.

ಅರಳಿಮರದ ಬುಡ ಎಂದೆ. ಅಲ್ಲಿ ಒರಳಿನ ಜೊತೆ ಇನ್ನೂ ಕೆಲವು ವಸ್ತುಗಳಿರುತ್ತವೆ: ಗಾಜು ಒಡೆದ ದೇವರ ಪಟಗಳು, ಬಣ್ಣ ಹೋದ ಸಣ್ಣ ವಿಗ್ರಹಗಳು. ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕಸದ ಗಾಡಿಗೆ ಹಾಕುವಂತೆಯೂ ಇಲ್ಲ ಎನ್ನಿಸಿದ್ದೆಲ್ಲ ಅಲ್ಲಿಗೆ ಬರುತ್ತದೆ. ಒರಳು ದೇವರಲ್ಲ, ಅದನ್ನು ದಿನವೂ ಯಾರೂ ಪೂಜಿಸುತ್ತಿರಲಿಲ್ಲ. ಆದರೆ ಮದುವೆಯ ಮನೆಯಲ್ಲಿ ಒರಳು, ಒನಕೆಗೆ ಅರಿಶಿನ ಕುಂಕುಮವಿಟ್ಟು ಶಾಸ್ತ್ರ ಮಾಡಿಯೇ ಮುಂದಿನ ಕೆಲಸ. ಅದರ ಮೇಲೆ ಕೂತರೆ, ಕಾಲಿಟ್ಟರೆ ಅಜ್ಜಿಯಂದಿರು ಗದರುತ್ತಿದ್ದರು. ಅನ್ನ ಹುಟ್ಟುವ ಜಾಗ ಎಂಬ ಗೌರವವೂ, ಅದಕ್ಕೆ ಅಪಚಾರವಾದರೆ ಮನೆಗೆ ಒಳ್ಳೆಯದಲ್ಲ ಎಂಬ ಅಂಜಿಕೆಯೂ ಅದರಲ್ಲಿ ಕೂಡಿಕೊಂಡಿದ್ದವು. ಮೂಢನಂಬಿಕೆ ಎಂದು ಇದನ್ನು ಬದಿಗೆ ಸರಿಸುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಇಪ್ಪತ್ತು, ಮೂವತ್ತು ವರ್ಷ ಮನೆಯವರ ಹೊಟ್ಟೆ ತುಂಬಿಸಿದ ವಸ್ತುವಿಗೆ ಸುತ್ತಿಗೆಯ ಏಟು ಹಾಕಲು ಕೈ ಬಾರದಿರುವುದರಲ್ಲಿ ಒಂದು ನೇರವಾದ ಕೃತಜ್ಞತೆ ಇದೆ. ಅದನ್ನು ಹೇಳಿಕೊಳ್ಳಲು ಆ ಮನೆಯವರಿಗೆ ಇದ್ದ ಒಂದೇ ದಾರಿ ಒಡೆಯದೆ ಬಿಟ್ಟುಬರುವುದು.

‘ಸ್ಟಾಪೋವರ್’ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಾರಣಕ್ಕೆ. ಕಲಾವಿದರು ಕಲ್ಲುಗಳನ್ನು ಮಾತ್ರ ಆಯ್ದು ತರಲಿಲ್ಲ, ಆ ಹಿಂಜರಿಕೆಯನ್ನೂ ತಂದಿದ್ದರು. ಕಲ್ಲುಗಳಿಗೆ ಹೊಸ ಉಪಯೋಗ ಹುಡುಕಲಿಲ್ಲ, ಒಂದರ ಮೇಲೊಂದು ಪೇರಿಸಿ ಗೋಪುರ ಮಾಡಲಿಲ್ಲ. ಬೀದಿಯಲ್ಲಿ ಅವು ಯಾವ ಅತಂತ್ರ ಸ್ಥಿತಿಯಲ್ಲಿದ್ದವೋ, ಅಂದರೆ ಬೇಡವಾಗಿಯೂ ನಾಶವಾಗದೆ, ಯಾರ ಸ್ವತ್ತೂ ಆಗದೆ ಇದ್ದವೋ, ಅದೇ ಸ್ಥಿತಿಯಲ್ಲಿ ಇನ್ನೊಂದು ಊರಿನ ನೆಲಕ್ಕೆ ತಲುಪಿಸಿದರು. ದಾರಿಯ ನಡುವಿನ ಒಂದು ತಂಗು ಎಂದಷ್ಟೇ ಕೃತಿಯ ಹೆಸರು ಹೇಳುತ್ತದೆ. ಮುಂದೆ ಎಲ್ಲಿಗೆ ಎಂಬುದನ್ನು ಹೇಳುವುದಿಲ್ಲ.

ಇದಕ್ಕೆ ಎದುರಾದ ನಡವಳಿಕೆಯನ್ನೂ ನಾವು ಈಗ ದಿನವೂ ನೋಡುತ್ತೇವೆ. ಊರಾಚೆಯ ರೆಸಾರ್ಟುಗಳಲ್ಲಿ, ಹಳ್ಳಿಯ ಊಟ ಬಡಿಸುವ ಹೋಟೆಲುಗಳ ಬಾಗಿಲಲ್ಲಿ ಒರಳಿಗೆ ನೀರು ತುಂಬಿ, ಮೇಲೆ ಹೂವು ತೇಲಿಬಿಟ್ಟಿರುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಹೂವಿನ ಕೆಳಗಿರುವ ಆ ಕುಳಿ ಹೇಗಾಯಿತೆಂದು ಯಾರಿಗೂ ಕೇಳಬೇಕೆನ್ನಿಸುವುದಿಲ್ಲ. ಕೇಳದಿರಲೆಂದೇ ಅದನ್ನು ಹೂವಿನಿಂದ ಮುಚ್ಚಿದಂತಿರುತ್ತದೆ. ವಸ್ತುಸಂಗ್ರಹಾಲಯದ ಮಾತು ಬೇರೆ. ರಾಮನಗರದ ಜಾನಪದ ಲೋಕದಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಗೃಹಬಳಕೆಯ ವಸ್ತುಗಳನ್ನು ಶ್ರದ್ಧೆಯಿಂದ ಕಾಪಾಡಿದ್ದಾರೆ, ಅದು ನಡೆಯಬೇಕಾದ ಕೆಲಸ. ಆದರೆ ವಸ್ತುಸಂಗ್ರಹಾಲಯದಲ್ಲಿ ಒಂದು ಒರಳು ಎಲ್ಲ ಒರಳುಗಳ ಪರವಾಗಿ ನಿಲ್ಲುತ್ತದೆ. ಕೊಚ್ಚಿಯಲ್ಲಿ ಯಾವ ಕಲ್ಲೂ ಇನ್ನೊಂದರ ಪರವಾಗಿ ನಿಂತಿರಲಿಲ್ಲ. ಒಂದನ್ನು ನೋಡಿ ಮುಗಿಸಿದೆ ಎನ್ನುವಂತಿರಲಿಲ್ಲ, ಪಕ್ಕದ್ದು ಬೇರೆಯದೇ ಮನೆಯದು. ಅಷ್ಟೊಂದು ಸಂಖ್ಯೆ ಬೇಕಿದ್ದದ್ದು ಭವ್ಯತೆಗಾಗಿ ಅಲ್ಲ ಎಂಬುದು ಅಲ್ಲಿ ಓಡಾಡುತ್ತಿದ್ದಂತೆ ತಾನಾಗಿ ಮನಸ್ಸಿಗೆ ಬರುತ್ತಿತ್ತು. ಒಂದು ಊರಿನ ಬೀದಿ ಬೀದಿಗಳ ಅಡುಗೆಮನೆಗಳು ಒಮ್ಮೆಗೇ ಹೊರಗೆ ಬಂದು ಕೂತಿದ್ದವು.

ಒರಳಿನ ಬಗ್ಗೆ ಮಾತು ಬಂದರೆ ನಮ್ಮಲ್ಲಿ ರುಚಿಯ ಮಾತು ಬಂದೇ ಬರುತ್ತದೆ. ಒರಳಲ್ಲಿ ರುಬ್ಬಿದ ಚಟ್ನಿಯ ರುಚಿ ಮಿಕ್ಸಿಯಲ್ಲಿ ಎಲ್ಲಿಂದ ಬರಬೇಕು, ಕೈಯಲ್ಲಿ ರುಬ್ಬಿದ ಹಿಟ್ಟಿನ ಇಡ್ಲಿಯೇ ಬೇರೆ ಎನ್ನುವ ಮಾತುಗಳು. ಅವು ಸುಳ್ಳಲ್ಲ, ನಿಧಾನವಾಗಿ ಕಲ್ಲಿನ ನಡುವೆ ನುರಿದ ಬೇಳೆ ಬಿಸಿಯಾಗುವುದಿಲ್ಲ, ವೇಗವಾಗಿ ತಿರುಗುವ ಬ್ಲೇಡಿನ ಕೆಳಗೆ ಬಿಸಿಯಾಗುತ್ತದೆ, ರುಚಿಯಲ್ಲಿ ವ್ಯತ್ಯಾಸ ಆಗಿಯೇ ಆಗುತ್ತದೆ. ಆದರೆ ಈ ಮಾತನ್ನು ನಾನು ಹೆಚ್ಚಾಗಿ ಕೇಳಿರುವುದು ಉಂಡವರ ಬಾಯಲ್ಲಿ. ರುಬ್ಬಿದವರ ಬಾಯಲ್ಲಿ ಕೇಳಿದ್ದು ಕಡಿಮೆ. ನಮ್ಮ ಅಜ್ಜಿ ಒಂದು ಕಾಲು ಮಡಿಸಿ, ಇನ್ನೊಂದನ್ನು ಒರಳಿನ ಪಕ್ಕಕ್ಕೆ ಚಾಚಿ ಕೂರುತ್ತಿದ್ದಳು. ಬಲಗೈಯಲ್ಲಿ ಗುಂಡನ್ನು ತಿರುಗಿಸುತ್ತಾ, ಹೊರಗೆ ಸರಿದ ಹಿಟ್ಟನ್ನು ಎಡಗೈಯಿಂದ ಒಳಕ್ಕೆ ತಳ್ಳುತ್ತಾ, ನಡುನಡುವೆ ನೀರು ಚಿಮುಕಿಸುತ್ತಾ ಇರುತ್ತಿದ್ದಳು. ಉದ್ದಿನಬೇಳೆ ನುಣ್ಣಗಾಗುತ್ತಾ ಬಂದಂತೆ ಕಲ್ಲಿನ ಸದ್ದು ಬದಲಾಗುತ್ತಿತ್ತು. ಪಕ್ಕದ ಕೋಣೆಯಲ್ಲಿದ್ದರೂ ಕೆಲಸ ಎಲ್ಲಿಗೆ ಬಂದಿದೆ ಎಂದು ಗೊತ್ತಾಗುತ್ತಿತ್ತು. ರಾಗಿ ಬೀಸುವಾಗ ಹಾಡುತ್ತಿದ್ದವಳು ಒರಳಿನ ಮುಂದೆ ಹಾಡಿದ್ದನ್ನು ನಾನು ಕೇಳಿಲ್ಲ. ರಾಗಿಕಲ್ಲಿನ ತಿರುಗಿನಲ್ಲಿ ಹಾಡಿಗೆ ಒದಗುವ ಒಂದು ಲಯವಿದೆ, ಜೊತೆಗೆ ಎದುರಿಗೆ ಕೂತು ಗೂಟ ಹಿಡಿಯುವ ಇನ್ನೊಬ್ಬಳು ಇರುತ್ತಾಳೆ. ಒರಳು ಒಬ್ಬಳದೇ ಕೆಲಸ.

ಕೊಚ್ಚಿಯಿಂದ ಬಂದ ಮೇಲೆ ಅಮ್ಮನಿಗೆ ಚಿತ್ರಗಳನ್ನು ತೋರಿಸಿದೆ. ತನ್ನ ಮದುವೆಯಾದ ವರ್ಷದಿಂದ ಮಿಕ್ಸಿ ಮನೆಗೆ ಬರುವವರೆಗೆ ದಿನವೂ ಒರಳಿನ ಮುಂದೆ ಕೂತವಳು ಅವಳು. ಚಿತ್ರಗಳನ್ನು ನಿಧಾನವಾಗಿ ನೋಡಿ, “ಇಷ್ಟೊಂದು ಕಲ್ಲು ಎತ್ತಿ ಇಳಿಸಿದೋರು ಯಾರೇ?” ಎಂದು ಕೇಳಿದಳು. ರುಚಿಯ ಮಾತಾಗಲಿ, ಹಳೆಯ ದಿನಗಳ ಮಾತಾಗಲಿ ಆಡಲಿಲ್ಲ. ಆಮೇಲೆ ಒಂದು ಚಿತ್ರಕ್ಕೆ ಬೆರಳಿಟ್ಟು, “ಇದನ್ನ ಕುಟ್ಟಿಸಿ ಬಹಳ ದಿನ ಆಗಿತ್ತು ನೋಡು, ಹಂಗೇ ರುಬ್ಬಿದಾರೆ ಪಾಪ” ಅಂದಳು. ಕಲಾವಿಮರ್ಶೆಯ ಬರಹಗಳನ್ನು ನಾನು ಇಷ್ಟಪಟ್ಟು ಓದುತ್ತೇನೆ, ಅವುಗಳಿಂದ ಕಲಿತಿದ್ದೇನೆ. ಆದರೆ ಈ ಕೃತಿಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಅತ್ಯಂತ ಹತ್ತಿರದಿಂದ ನೋಡಿ ಆಡಿದ್ದು ಅಮ್ಮನ ಈ ಎರಡು ಮಾತು. ನುಣುಪಾದ ಕುಳಿಯಲ್ಲಿ ನನಗೆ ಕಂಡದ್ದು ಚೆಲುವು. ಅವಳಿಗೆ ಕಂಡದ್ದು ಕುಟ್ಟಿಸಲು ದುಡ್ಡೋ ಪುರುಸೊತ್ತೋ ಇಲ್ಲದೆ, ಎರಡು ಪಟ್ಟು ಹೊತ್ತು ತಿರುಗಿಸಿದ ಯಾರದೋ ತೋಳು.

ಎತ್ತಿದವರು ಯಾರು ಎಂಬ ಪ್ರಶ್ನೆಯೂ ಸಣ್ಣದಲ್ಲ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗ್ರಾನೈಟ್ ಕಲ್ಲು ಎಪ್ಪತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ನಡುವೆ ಕುಳಿ ತೆಗೆದರೂ ಒರಳು ಒಬ್ಬರು ಎತ್ತುವ ವಸ್ತುವಲ್ಲ, ಮನೆಗಳ ಒರಳುಗಳಲ್ಲಿ ಅನೇಕವು ಇದಕ್ಕಿಂತ ದೊಡ್ಡವು. ಅಂಥವುಗಳನ್ನು ಮರದ ಬುಡದಿಂದ ಕಿತ್ತು, ಗಾಡಿಗೆ ಏರಿಸಿ, ಇನ್ನೊಂದು ರಾಜ್ಯದ ಕಡಲತೀರದಲ್ಲಿ ಇಳಿಸಿ, ಹೇಳಿದ ಜಾಗಕ್ಕೆ ಕೊಂಡೊಯ್ದು ಕೂರಿಸಬೇಕು. ವಸ್ತುಗಳನ್ನು ತಂದಿಟ್ಟು ಮಾಡುವ ಕಲೆಯ ಬಗ್ಗೆ ‘ಇದರಲ್ಲಿ ಮಾಡಿದ್ದೇನಿದೆ, ತಂದಿಟ್ಟಿದ್ದಾರೆ ಅಷ್ಟೇ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒರಳಿನ ವಿಷಯದಲ್ಲಿ ತಂದಿಡುವುದೇ ದೊಡ್ಡ ಕೆಲಸ. ಕಲ್ಲು ಕಡೆದವರು, ಅದನ್ನು ಸಂತೆಯಿಂದ ಎತ್ತಿನಗಾಡಿಯಲ್ಲಿ ಮನೆಗೆ ತಂದವರು, ರುಬ್ಬಿದವರು, ಕುಟ್ಟಿಕೊಟ್ಟವರು, ಬೀದಿಗೆ ಉರುಳಿಸಿದವರು, ಕೊಚ್ಚಿಗೆ ಸಾಗಿಸಿದವರು ಎಲ್ಲರ ಮೈಬಲವೂ ಒಂದೇ ಕಲ್ಲಿಗೆ ಸಂದಿದೆ.

ಆಸ್ಪಿನ್‌ವಾಲ್ ಹೌಸಿನ ಆಯ್ಕೆಯಲ್ಲಿಯೂ ಅರ್ಥವಿತ್ತು. ಜಾನ್ ಆಸ್ಪಿನ್‌ವಾಲ್ ಎಂಬ ಇಂಗ್ಲಿಷ್ ವ್ಯಾಪಾರಿ 1867ರಲ್ಲಿ ಆರಂಭಿಸಿದ ಕಂಪನಿಯ ಮಳಿಗೆಗಳು ಅವು. ಕೊಬ್ಬರಿ ಎಣ್ಣೆ, ಮೆಣಸು, ಶುಂಠಿ, ಅರಿಶಿನ ಮುಂತಾದವು ಅಲ್ಲಿಂದ ಹಡಗು ಏರುತ್ತಿದ್ದವು. ಮೆಣಸೂ ಶುಂಠಿಯೂ ಅರಿಶಿನವೂ ಯಾವ ಊರಿಗೆ ಹೋದರೂ ಕೊನೆಗೆ ಒಂದು ಕಲ್ಲಿನ ಕೆಳಗೆ ನುರಿಯಬೇಕು. ಅವು ಹೊರಟ ಮಳಿಗೆಗೆ ಅವನ್ನು ಅರೆದ ಕಲ್ಲುಗಳು ಬಂದು ಸೇರಿದ್ದವು. ಕೊಚ್ಚಿ ಬಂದರೇ ಒಂದು ಪಲ್ಲಟದಿಂದ ಹುಟ್ಟಿದ್ದು. 1341ರ ಪೆರಿಯಾರ್ ಪ್ರವಾಹದಿಂದ ಹಳೆಯ ಮುಜಿರಿಸ್ ಕಡೆಯ ಬಂದರು ಹೂಳು ತುಂಬಿ, ವ್ಯಾಪಾರ ಕೊಚ್ಚಿಗೆ ಸರಿಯಿತು ಎಂದು ಚರಿತ್ರೆ ಹೇಳುತ್ತದೆ. ಈ ಸಂಬಂಧಗಳು ಚೆನ್ನಾಗಿವೆ, ಕೇಳಲು ತೃಪ್ತಿಯಾಗುತ್ತದೆ. ಹಾಗಿದ್ದರೂ ಕೃತಿಯ ಶಕ್ತಿ ಸಾಂಬಾರ ಪದಾರ್ಥಗಳ ಈ ಕತೆಯಲ್ಲಿದೆ ಎಂದು ನನಗೆ ಅನ್ನಿಸಲಿಲ್ಲ. ಒಂದು ಕಾಳು ಮೆಣಸಿನ ನೆನಪೂ ಇಲ್ಲದ ಬರಿಯ ಮೈದಾನದಲ್ಲಿ ಇಟ್ಟಿದ್ದರೂ ಆ ಕಲ್ಲುಗಳು ಅಷ್ಟೇ ಗಟ್ಟಿಯಾಗಿ ನಿಲ್ಲುತ್ತಿದ್ದವು.

ಶೀಲಾ ಗೌಡರ ಬೇರೆ ಕೃತಿಗಳನ್ನು ಬಲ್ಲವರಿಗೆ ‘ಸ್ಟಾಪೋವರ್’ ಎಲ್ಲಿಂದ ಬಂತೆಂಬುದು ಹೊಳೆಯುತ್ತದೆ. ಅವರು 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡಾ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತು ಚಿತ್ರಕಲಾವಿದೆಯಾಗಿ ಹೊರಟವರು. 1992ರ ಬಾಬ್ರಿ ಮಸೀದಿ ಧ್ವಂಸ ಮತ್ತು ನಂತರದ ಗಲಭೆಗಳ ಹೊತ್ತಿನಲ್ಲಿ ಅವರು ಬಣ್ಣವನ್ನು ಬದಿಗಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ದಾರ, ಸೂಜಿ, ಕುಂಕುಮ, ಬೂದಿ, ಡಾಂಬರು ಡ್ರಮ್ಮು ಎಲ್ಲವೂ ಬಂದವು. 2006ರ ‘ಡಾರ್ಕ್‌ರೂಮ್’ ಡಾಂಬರು ಡ್ರಮ್ಮುಗಳಿಂದ ಕಟ್ಟಿದ ಒಂದು ಕೋಣೆ. ರಸ್ತೆ ಕೆಲಸದವರು ಅಂಥ ಡ್ರಮ್ಮುಗಳನ್ನು ಸೀಳಿ, ತಗಡು ಮಾಡಿ ಕಟ್ಟಿಕೊಳ್ಳುವ ಬಿಡಾರಗಳನ್ನು ನೋಡಿದವರಿಗೆ ಅದರ ಮೂಲ ಹೇಳಬೇಕಾಗಿಲ್ಲ. ಬಗ್ಗಿ ಒಳಗೆ ಹೋದವರಿಗೆ ಚಾವಣಿಯ ಸಣ್ಣ ತೂತುಗಳಿಂದ ನಕ್ಷತ್ರಗಳಂತೆ ಬೆಳಕು ಕಾಣುತ್ತದೆ. ‘ಬಿಹೋಲ್ಡ್’ 2009ರ ವೆನಿಸ್ ಬಿಯೆನಾಲೆಯಲ್ಲಿ ತೋರಿಸಿದ್ದು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಸುಮಾರು 4,000 ಮೀಟರ್ ಉದ್ದದ ಕೂದಲಿನ ಹುರಿಯೂ ಅದರಿಂದ ತೂಗುವ 20 ಕಾರು ಬಂಪರುಗಳೂ ಅದರಲ್ಲಿವೆ. ದೇವಸ್ಥಾನಗಳಲ್ಲಿ ಹರಕೆಗೆ ಕೊಟ್ಟ ಮುಡಿಯಲ್ಲಿ ಉದ್ದನೆಯ ಕೂದಲು ವಿಗ್ ವ್ಯಾಪಾರಕ್ಕೆ ಹೋಗುತ್ತದೆ, ಉಳಿದ ತುಂಡು ಕೂದಲನ್ನು ಹೊಸೆದು ಹುರಿ ಮಾಡುತ್ತಾರೆ, ಅದನ್ನು ದೃಷ್ಟಿ ತಾಗದಿರಲೆಂದು ಬೆಂಗಳೂರಿನಲ್ಲಿ ಗಾಡಿಗಳ ಬಂಪರಿಗೆ ಕಟ್ಟುತ್ತಾರೆ. ಒರಳನ್ನು ಒಡೆಯಲು ಅಂಜುವ ಕೈಯೂ ಬಂಪರಿಗೆ ಕೂದಲ ಹುರಿ ಕಟ್ಟುವ ಕೈಯೂ ಒಂದೇ ಊರಿನವು. ಜನ ತಮ್ಮ ಭಯವನ್ನೂ ಭಕ್ತಿಯನ್ನೂ ಯಾವ ವಸ್ತುವಿಗೆ ಒಪ್ಪಿಸಿದ್ದಾರೋ ಆ ವಸ್ತುವನ್ನು ಗೇಲಿ ಮಾಡದೆ, ತಲೆಯ ಮೇಲೂ ಹೊತ್ತುಕೊಳ್ಳದೆ, ಅದರ ಎದುರು ತಾಳ್ಮೆಯಿಂದ ಕೆಲಸ ಮಾಡುವುದನ್ನು ನಾನು ಶೀಲಾ ಗೌಡರಲ್ಲಿ ಬಹುವಾಗಿ ಮೆಚ್ಚುತ್ತೇನೆ.

ಅಡುಗೆಮನೆಯ ವಸ್ತುಗಳಿಂದ ಕೃತಿ ಮಾಡುವವರಲ್ಲಿ ಹೆಚ್ಚು ಹೆಸರಾದವರು ಬಿಹಾರದ ಖಗೌಲ್‌ನಲ್ಲಿ ಹುಟ್ಟಿದ ಸುಬೋಧ್ ಗುಪ್ತಾ. ಸ್ಟೀಲ್ ಪಾತ್ರೆಗಳನ್ನು ರಾಶಿ ರಾಶಿಯಾಗಿ ಜೋಡಿಸಿ ಅವರು 2008ರಲ್ಲಿ ಮಾಡಿದ ‘ಲೈನ್ ಆಫ್ ಕಂಟ್ರೋಲ್’ ಅಣುಬಾಂಬಿನ ಮೋಡದ ಆಕಾರದ ಬೃಹತ್ ಕೃತಿ. ದೆಹಲಿಯ ಸಾಕೇತದಲ್ಲಿ ಕಿರಣ್ ನಾಡಾರ್ ಕಲಾ ಸಂಗ್ರಹಾಲಯ ಅದನ್ನು ನಿಲ್ಲಿಸಿದೆ. ಅದರ ಕೆಳಗೆ ನಿಂತಾಗ ತಲೆ ಎತ್ತಿದವಳು ಬಹಳ ಹೊತ್ತು ಇಳಿಸಲಿಲ್ಲ. ಊಟದ ತಟ್ಟೆ, ಲೋಟಗಳೇ ಸರ್ವನಾಶದ ಆಕಾರ ತಾಳುವುದರಲ್ಲಿ ನಿಜವಾದ ದಿಗಿಲಿದೆ. ಆದರೆ ಆ ಪಾತ್ರೆಗಳು ಹೊಸವು, ಥಳಥಳಿಸುವಂಥವು; ಒಂದೊಂದನ್ನೂ ಬೇರೆಯಾಗಿ ನೋಡಿ ಎಂದು ಅವು ಕೇಳುವುದಿಲ್ಲ, ದೊಡ್ಡ ಆಕಾರದೊಳಗೆ ಸೇರಿಹೋಗುತ್ತವೆ. ಒರಳುಗಳು ಯಾವ ಆಕಾರದೊಳಗೂ ಸೇರಲಿಲ್ಲ. ಎರಡನ್ನೂ ನೋಡಿದ ಮೇಲೆ ನನ್ನ ಮನಸ್ಸು ಹೋಗುವುದು ಬಳಸಿ ಸವೆದ ವಸ್ತುವಿನ ಕಡೆಗೆ.

ಬಳ್ಳಾರಿಯ ಹತ್ತಿರ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಬದುಕಿದ್ದ ಕುರುಹುಗಳಿವೆ. ಅಲ್ಲಿ ಬಂಡೆಗಳ ಮೇಲೆಯೇ ಅರೆದು ಅರೆದು ಆದ ಕುಳಿಗಳಿವೆ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನವು. ಕಲ್ಲಿನಲ್ಲಿ ಕುಳಿ ಮಾಡಿ, ಅದರಲ್ಲಿ ಇನ್ನೊಂದು ಕಲ್ಲನ್ನು ಆಡಿಸಿ, ಕಾಳನ್ನು ಹಸನು ಮಾಡಿಕೊಳ್ಳುವ ಕೆಲಸ ಅಲ್ಲಿಂದ ನಮ್ಮ ಅಮ್ಮನ ಪ್ರಾಯದ ದಿನಗಳವರೆಗೆ ಈ ನಾಡಿನಲ್ಲಿ ಎಡೆಬಿಡದೆ ನಡೆದುಬಂದಿತ್ತು. ಕೊಯಮತ್ತೂರಿನಲ್ಲಿ 1955ರ ಸುಮಾರಿಗೆ ವಿದ್ಯುತ್ ಗ್ರೈಂಡರ್ ಹುಟ್ಟಿತು; 1960ರ ದಶಕದಲ್ಲಿ ಸುಮೀತ್ ಮಿಕ್ಸಿ ಬಂತು. ಅಲ್ಲಿಂದ ಒಂದೆರಡು ತಲೆಮಾರಿನೊಳಗೆ ಆ ಕೆಲಸ ಪೇಟೆಯ ಮನೆಗಳಿಂದ ಹೊರಟೇಹೋಯಿತು. ಅದು ಹೋದದ್ದು ಹೆಣ್ಣುಮಕ್ಕಳ ಭುಜಕ್ಕೆ, ಸೊಂಟಕ್ಕೆ, ದಿನದ ಹೊತ್ತಿಗೆ ಸಿಕ್ಕ ಬಿಡುಗಡೆ. ಅದರ ಬಗ್ಗೆ ಮರುಗುವ ಹಕ್ಕು ನನಗೆ ಇಲ್ಲವೆಂದೇ ತಿಳಿದಿದ್ದೇನೆ. ‘ಸ್ಟಾಪೋವರ್’ ಕೂಡ ಮರುಗಲಿಲ್ಲ. ಹೀಗೆ ಇಷ್ಟು ದೀರ್ಘವಾದದ್ದೊಂದು ನಮ್ಮ ಕಣ್ಣೆದುರಿಗೆ ಮುಗಿದಿದೆ, ಮುಗಿದದ್ದರ ತೂಕ ಇಷ್ಟು ಎಂಬುದನ್ನು ಮಾತ್ರ ತೋರಿಸಿತು.

ಈಗ ನಾನು ಬಸವನಗುಡಿ, ಚಾಮರಾಜಪೇಟೆಗಳ ಒಳರಸ್ತೆಗಳಲ್ಲಿ ನಡೆಯುವಾಗ ಒರಳು ಕಂಡರೆ ನಿಲ್ಲುತ್ತೇನೆ. ಒಂದರಲ್ಲಿ ಮಳೆನೀರು ನಿಂತಿರುತ್ತದೆ, ಒಂದನ್ನು ಬೀದಿನಾಯಿಗಳಿಗೆ ನೀರಿಡಲು ಬಳಸುತ್ತಿರುತ್ತಾರೆ, ಇನ್ನೊಂದರಲ್ಲಿ ಮಣ್ಣು ತುಂಬಿ ದೊಡ್ಡಪತ್ರೆ ಹಾಕಿರುತ್ತಾರೆ. ಯಾವುದಕ್ಕೂ ಬಾರದೆ ಗೋಡೆಗೆ ಒರಗಿ ಬಿದ್ದವೂ ಇವೆ. ಬೀದಿಯ ಆ ಉಪಯೋಗಗಳ ಬಗ್ಗೆ ನನಗೆ ತಕರಾರಿಲ್ಲ. ನಾಯಿಗೆ ನೀರಿಟ್ಟವರು ಕುಳಿಯನ್ನು ಕುಳಿಯಾಗಿಯೇ ಬಳಸುತ್ತಿದ್ದಾರೆ.

ತುಮಕೂರಿನ ನಮ್ಮ ಹಳೆಯ ಮನೆಯ ದುರಸ್ತಿ ಈ ವರ್ಷ ನಡೆಯುತ್ತಿದೆ. ಹಿತ್ತಿಲ ಕಡೆಯ ಅಡುಗೆಮನೆಯಲ್ಲಿ ನೆಲಕ್ಕೆ ಹೂತು ಕೂರಿಸಿದ ಒರಳೊಂದಿದೆ, ಅಜ್ಜಿಯ ಕಾಲದ್ದು. ತಮ್ಮ ಅದನ್ನು ಕೀಳಿಸಿ ತೋಟಕ್ಕೆ ಸಾಗಿಸೋಣ ಎಂದ. ಬೆಂಗಳೂರಿಗೆ ತಂದು ನನ್ನ ಮನೆಯ ಬಾಲ್ಕನಿಯಲ್ಲಿಡುವ ಮಾತೂ ಬಂತು. ಒಪ್ಪಲು ನನಗೆ ಮನಸ್ಸಾಗಲಿಲ್ಲ, ಬಾಲ್ಕನಿಯಲ್ಲಿ ಅದು ನನ್ನ ಅಭಿರುಚಿಯ ಒಂದು ಗುರುತಾಗಿಬಿಡುತ್ತದೆ. ಅಮ್ಮ, “ಅದು ಅಲ್ಲೇ ಇರಲಿ, ಯಾರಿಗೂ ಅಡ್ಡ ಇಲ್ಲ” ಅಂದಳು. ಹೊಸ ನೆಲಕ್ಕೆ ಟೈಲ್ಸ್ ಹಾಕುವವರು ಒರಳಿನ ಸುತ್ತ ಕತ್ತರಿಸಿ ಕೂರಿಸಲು ಒಂದು ದಿನದ ಕೂಲಿ ಹೆಚ್ಚಿಗೆ ಕೇಳಿದ್ದಾರೆ. ಅದನ್ನು ಕೊಡುವುದೆಂದು ಆಗಿದೆ. ಕುಟ್ಟಿಕೊಡುವ ಕಲ್ಲುಕುಟಿಗರು ಈಗಲೂ ಆ ಕಡೆ ಇದ್ದಾರೆಯೇ ಎಂದು ವಿಚಾರಿಸಲು ಅಮ್ಮ ತಮ್ಮನಿಗೆ ಹೇಳಿದ್ದಾಳೆ.